ಶಿಕಾಗೊ ಮೇಯರ್ ಚುನಾವಣೆ ಮತ್ತು ಅದರ ಎರಡನೇ ಸುತ್ತು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಇಲಿನಾಯ್ ರಾಜ್ಯದ ದೊಡ್ಡ ನಗರವಾದ ಶಿಕಾಗೊದಲ್ಲಿ ಮೇಯರ್ ಹುದ್ದೆಗೆ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತದೆ. ಮುಂದಿನದು 2027ರ ಫೆಬ್ರುವರಿ 23ಕ್ಕೆ ನಿಗದಿಯಾಗಿದ್ದು, ಅಂದು ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಏಪ್ರಿಲ್ 6ರಂದು ಎರಡನೇ ಸುತ್ತು ನಡೆಯುತ್ತದೆ. ಪಕ್ಷದ ಚಿಹ್ನೆಯಿಲ್ಲದೆ ನಡೆಯುವ, ಎರಡು ಸುತ್ತಿನ ಈ ಪದ್ಧತಿಯ ಬಗ್ಗೆ ಅಲ್ಲಿ ನೆಲೆಸಿರುವ ಕನ್ನಡಿಗರೂ ಇಲ್ಲಿಂದ ಸುದ್ದಿ ಓದುವವರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಎರಡನೇ ಸುತ್ತು ಎಂದರೆ ನಮ್ಮಲ್ಲಿ ನಡೆಯುವ ಮರುಮತದಾನವೇ?

ಅಲ್ಲ. ನಮ್ಮಲ್ಲಿ ಮರುಮತದಾನ ಎಂದರೆ ಯಾವುದೋ ಮತಗಟ್ಟೆಯಲ್ಲಿ ಯಂತ್ರ ಕೆಟ್ಟಾಗ ಅಥವಾ ಗಲಾಟೆ ನಡೆದಾಗ ಆ ಮತಗಟ್ಟೆಯ ಮತದಾನವನ್ನು ರದ್ದುಪಡಿಸಿ, ಅದೇ ಅಭ್ಯರ್ಥಿಗಳಿಗೆ ಮತ್ತೊಮ್ಮೆ ಮತ ಹಾಕಿಸುವುದು. ಶಿಕಾಗೊದ ಎರಡನೇ ಸುತ್ತಿನಲ್ಲಿ ಯಾವ ಲೋಪವನ್ನೂ ಸರಿಪಡಿಸುವ ಉದ್ದೇಶವಿರುವುದಿಲ್ಲ. ಮೊದಲ ಸುತ್ತಿನ ಎಣಿಕೆ ಸಿಂಧುವಾಗಿಯೇ ಇರುತ್ತದೆ. ಅದರಲ್ಲಿ ಮೊದಲ ಎರಡು ಸ್ಥಾನ ಪಡೆದವರನ್ನು ಮಾತ್ರ ಉಳಿಸಿಕೊಂಡು, ಉಳಿದವರನ್ನು ಕಣದಿಂದ ಹೊರಗಿಟ್ಟು, ಇಡೀ ನಗರದ ಮತದಾರರನ್ನು ಐದಾರು ವಾರಗಳ ನಂತರ ಮತ್ತೆ ಮತಗಟ್ಟೆಗೆ ಕರೆಯಲಾಗುತ್ತದೆ. ಮೊದಲ ಸುತ್ತಿನ ಮತಗಳು ಯಾರ ಲೆಕ್ಕಕ್ಕೂ ಮುಂದುವರಿಯುವುದಿಲ್ಲ. ಇಬ್ಬರೂ ಸೊನ್ನೆಯಿಂದ ಆರಂಭಿಸಬೇಕು.

ಗೆಲ್ಲಲು ಎಷ್ಟು ಮತ ಬೇಕು?

ಮೇಯರ್ ಹುದ್ದೆಗೆ ಚಲಾವಣೆಯಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು. ನಮ್ಮ ವಿಧಾನಸಭಾ ಚುನಾವಣೆಯಲ್ಲಿ ಶೇ 35ರಷ್ಟು ಮತ ಪಡೆದವರೂ ಉಳಿದವರಿಗಿಂತ ಒಂದು ಮತ ಮುಂದಿದ್ದರೆ ಗೆಲ್ಲುತ್ತಾರೆ. ಶಿಕಾಗೊದಲ್ಲಿ ಅದು ಸಾಲದು. ಅರ್ಧ ದಾಟಿದವರು ಫೆಬ್ರುವರಿಯಲ್ಲೇ ಗೆದ್ದಂತೆ, ಏಪ್ರಿಲ್ ಸುತ್ತಿನ ಅಗತ್ಯ ಬೀಳುವುದಿಲ್ಲ. ಈ ಪದ್ಧತಿಯಲ್ಲಿ ನಡೆದ ಮೊದಲ ನಾಲ್ಕು ಚುನಾವಣೆಗಳು, ಅಂದರೆ 1999, 2003, 2007 ಮತ್ತು 2011ರವು, ಒಂದೇ ಸುತ್ತಿಗೆ ಮುಗಿದವು. ಮೊದಲ ಮೂರರಲ್ಲಿ ರಿಚರ್ಡ್ ಎಂ. ಡೇಲಿ ಗೆದ್ದರು, 2011ರಲ್ಲಿ ರಾಮ್ ಇಮ್ಯಾನುಯೆಲ್ ಶೇ 55ರಷ್ಟು ಮತ ಪಡೆದರು. ನಂತರದ ಮೂರೂ, ಅಂದರೆ 2015, 2019 ಮತ್ತು 2023ರವು, ಎರಡನೇ ಸುತ್ತಿಗೆ ಹೋದವು.

ಪಕ್ಷರಹಿತ ಎಂದರೆ ಅಭ್ಯರ್ಥಿಗಳಿಗೆ ಪಕ್ಷವೇ ಇರುವುದಿಲ್ಲವೇ?

ಇರುತ್ತದೆ; ಮತಪತ್ರದಲ್ಲಿ ಮಾತ್ರ ಇರುವುದಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿ ಚುನಾವಣೆಯನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿಯೂ ಪಕ್ಷದ ಚಿಹ್ನೆಗೆ ಅವಕಾಶವಿಲ್ಲ, ಆದರೆ ಫಲಿತಾಂಶದ ಮರುದಿನ ಪತ್ರಿಕೆಗಳು ಯಾವ ಪಕ್ಷದ ‘ಬೆಂಬಲಿತ’ರು ಎಷ್ಟು ಮಂದಿ ಗೆದ್ದರು ಎಂದು ಪಟ್ಟಿ ಹಾಕುತ್ತವೆ, ಊರಿನವರಿಗಂತೂ ಆ ಪಟ್ಟಿಯೂ ಬೇಕಾಗುವುದಿಲ್ಲ. ಶಿಕಾಗೊದಲ್ಲಿ ಸ್ಥಿತಿ ಸ್ವಲ್ಪ ಬೇರೆ. ಅಲ್ಲಿ ರಿಪಬ್ಲಿಕನ್ ಪಕ್ಷದ ಮೇಯರ್ ಅಧಿಕಾರದಿಂದ ಇಳಿದದ್ದು 1931ರಲ್ಲಿ. ಆಮೇಲೆ ಆ ಪಕ್ಷದವರು ಆ ಹುದ್ದೆಗೆ ಬಂದಿಲ್ಲ. ಹೀಗಾಗಿ ಮತಪತ್ರದಿಂದ ಪಕ್ಷದ ಹೆಸರನ್ನು ತೆಗೆದರೂ, ಕಣದಲ್ಲಿ ಉಳಿಯುವ ಪ್ರಮುಖರೆಲ್ಲ ಸಾಮಾನ್ಯವಾಗಿ ಡೆಮಾಕ್ರಟಿಕ್ ಪಕ್ಷದವರೇ ಆಗಿರುತ್ತಾರೆ.

ಪಕ್ಷದ ಗುರುತು ಹೋದ ಜಾಗವನ್ನು ಬೇರೆ ಗುರುತುಗಳು ತುಂಬುತ್ತವೆ. 2023ರ ಎರಡನೇ ಸುತ್ತಿನಲ್ಲಿ ಎದುರಾದ ಬ್ರ್ಯಾಂಡನ್ ಜಾನ್ಸನ್ ಮತ್ತು ಪಾಲ್ ವಾಲಸ್ ಇಬ್ಬರೂ ತಮ್ಮನ್ನು ಡೆಮಾಕ್ರಟರೆಂದೇ ಕರೆದುಕೊಂಡರು. ಆದರೆ ಜಾನ್ಸನ್ ಹಿಂದೆ ಶಿಕ್ಷಕರ ಸಂಘ ನಿಂತಿತ್ತು, ವಾಲಸ್ ಹಿಂದೆ ಪೊಲೀಸರ ಸಂಘ ನಿಂತಿತ್ತು. ಒಬ್ಬರು ಶಾಲೆಯಲ್ಲಿ ಪಾಠ ಹೇಳಿ, ಶಿಕ್ಷಕರ ಸಂಘದ ಸಂಘಟಕರಾಗಿ, ಶಿಕಾಗೊ ಸೇರಿರುವ ಕುಕ್ ಕೌಂಟಿ ಎಂಬ ಜಿಲ್ಲೆಯ ಆಡಳಿತ ಮಂಡಳಿಗೆ ಆಯ್ಕೆಯಾಗಿದ್ದವರು. ಇನ್ನೊಬ್ಬರು 1995ರಿಂದ 2001ರವರೆಗೆ ನಗರದ ಸಾರ್ವಜನಿಕ ಶಾಲೆಗಳ ಮುಖ್ಯಾಧಿಕಾರಿಯಾಗಿದ್ದವರು. ಮತದಾರರು ಪಕ್ಷವನ್ನು ನೋಡಲಿಲ್ಲ ಎನ್ನುವುದಕ್ಕಿಂತ, ಪಕ್ಷಕ್ಕಿಂತ ಸ್ಪಷ್ಟವಾದ ಗುರುತೊಂದು ಅವರಿಗೆ ಸಿಕ್ಕಿತ್ತು ಎನ್ನುವುದು ಸರಿ.

ಈ ಪದ್ಧತಿ ಬಂದದ್ದು ಹೇಗೆ?

ಇದಕ್ಕೆ 1983ಕ್ಕೆ ಹೋಗಬೇಕು. ಆಗ ಮೊದಲು ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಮತ ಹಾಕಿ ಆರಿಸುವ ಪಕ್ಷದೊಳಗಿನ ಆಯ್ಕೆ, ಆಮೇಲೆ ಪಕ್ಷಗಳ ನಡುವಿನ ಚುನಾವಣೆ ನಡೆಯುತ್ತಿತ್ತು. ಆ ವರ್ಷ ಡೆಮಾಕ್ರಟಿಕ್ ಪಕ್ಷದೊಳಗಿನ ಆಯ್ಕೆಯಲ್ಲಿ ಅಧಿಕಾರದಲ್ಲಿದ್ದ ಮೇಯರ್ ಜೇನ್ ಬರ್ನ್, ಹಿಂದೊಮ್ಮೆ ಮೇಯರ್ ಆಗಿದ್ದವರ ಮಗ ರಿಚರ್ಡ್ ಎಂ. ಡೇಲಿ ಮತ್ತು ಹೆರಾಲ್ಡ್ ವಾಷಿಂಗ್ಟನ್ ಎದುರಾದರು. ಬರ್ನ್ ಮತ್ತು ಡೇಲಿ ಬಿಳಿಯರ ಮತಗಳನ್ನು ಹಂಚಿಕೊಂಡಾಗ ಶೇ 36ರಷ್ಟು ಮತದೊಂದಿಗೆ ವಾಷಿಂಗ್ಟನ್ ಗೆದ್ದರು. ಬರ್ನ್‌ಗೆ ಶೇ 34, ಡೇಲಿಗೆ ಶೇ 30ರಷ್ಟು ಮತ ಬಿದ್ದಿತ್ತು. ಎರಡು ತಿಂಗಳ ನಂತರ ರಿಪಬ್ಲಿಕನ್ ಅಭ್ಯರ್ಥಿ ಬರ್ನಾರ್ಡ್ ಎಪ್ಟನ್ ವಿರುದ್ಧವೂ ಸುಮಾರು 48 ಸಾವಿರ ಮತಗಳ ಅಂತರದಲ್ಲಿ ಗೆದ್ದು, ಅವರು ನಗರದ ಮೊದಲ ಕಪ್ಪು ಮೇಯರ್ ಆದರು.

ಅಂದಿನಿಂದ ಎರಡು ಸುತ್ತಿನ ಪಕ್ಷರಹಿತ ಚುನಾವಣೆಯ ಮಾತು ಶುರುವಾಯಿತು. ಅರ್ಧಕ್ಕಿಂತ ಹೆಚ್ಚು ಮತ ಪಡೆದವರೇ ಆಳಬೇಕೆಂಬ ವಾದ ಕೇಳಲು ನ್ಯಾಯವಾಗಿಯೇ ಇದೆ. ಆದರೆ ಆ ವಾದ ಯಾವಾಗ ಹುಟ್ಟಿತು, ಯಾರ ಗೆಲುವಿನ ನಂತರ ಹುಟ್ಟಿತು ಎಂಬುದನ್ನು ಆ ನಗರದ ಕಪ್ಪು ಜನಸಮುದಾಯ ಮರೆಯಲಿಲ್ಲ. 1986ರಲ್ಲಿ ಪಕ್ಷರಹಿತ ಚುನಾವಣೆಗಾಗಿ ಜನಮತ ಕೇಳಬೇಕೆಂದು ಸಹಿ ಸಂಗ್ರಹವೂ ನಡೆಯಿತು. ಮತಪತ್ರದಲ್ಲಿ ಅಂಥ ಪ್ರಶ್ನೆಗಳಿಗೆ ಇದ್ದದ್ದು ಮೂರೇ ಜಾಗ. ವಾಷಿಂಗ್ಟನ್ ಬೆಂಬಲಿಗರು ನಗರ ಸಭೆಯಲ್ಲಿ ಬೇರೆ ಮೂರು ಪ್ರಶ್ನೆಗಳನ್ನು ಮೊದಲೇ ಅಂಗೀಕರಿಸಿ ಆ ಮೂರೂ ಜಾಗಗಳನ್ನು ತುಂಬಿಬಿಟ್ಟರು, ಸಹಿ ಮಾಡಿದವರ ಪ್ರಶ್ನೆ ಮತಪತ್ರಕ್ಕೆ ಬರಲೇ ಇಲ್ಲ. ಸೀಟಿನ ಮೇಲೆ ಟವೆಲ್ ಹಾಕಿ ಜಾಗ ಹಿಡಿಯುವುದನ್ನು ಬಲ್ಲ ನಮಗೆ ಈ ತಂತ್ರ ಹೊಸದೇನಲ್ಲ.

ಕೊನೆಗೆ 1995ರಲ್ಲಿ, ರಿಪಬ್ಲಿಕನ್ನರ ಹಿಡಿತದಲ್ಲಿದ್ದ ಇಲಿನಾಯ್ ಶಾಸನಸಭೆ ಶಿಕಾಗೊದ ಮೇಯರ್ ಚುನಾವಣೆಯನ್ನು ಪಕ್ಷರಹಿತಗೊಳಿಸಿ ಎರಡನೇ ಸುತ್ತನ್ನು ಜಾರಿಗೆ ತಂದಿತು. 1999ರಲ್ಲಿ ಅದು ಮೊದಲ ಬಾರಿ ಬಳಕೆಗೆ ಬಂತು. ವಿಚಿತ್ರವೆಂದರೆ, ಕಪ್ಪು ಅಭ್ಯರ್ಥಿಗಳಿಗೆ ಅಡ್ಡಿಯಾಗುತ್ತದೆ ಎಂಬ ಅನುಮಾನಕ್ಕೆ ಗುರಿಯಾಗಿದ್ದ ಈ ಪದ್ಧತಿಯಲ್ಲೇ 2019ರ ಎರಡನೇ ಸುತ್ತಿಗೆ ಬಂದ ಇಬ್ಬರೂ ಕಪ್ಪು ಮಹಿಳೆಯರಾಗಿದ್ದರು.

ಕಣಕ್ಕಿಳಿಯಲು ಏನು ಬೇಕು?

ಅಭ್ಯರ್ಥಿ ನಗರದ ಅರ್ಹ ಮತದಾರರಾಗಿರಬೇಕು ಮತ್ತು ಚುನಾವಣೆಗೆ ಮುಂಚೆ ಕನಿಷ್ಠ ಒಂದು ವರ್ಷ ಅಲ್ಲಿ ವಾಸವಾಗಿರಬೇಕು. ಈ ವಾಸದ ನಿಯಮ 2011ರಲ್ಲಿ ದೊಡ್ಡ ವ್ಯಾಜ್ಯವಾಯಿತು. ಅಧ್ಯಕ್ಷ ಒಬಾಮ ಅವರ ಕಚೇರಿಯ ಮುಖ್ಯಸ್ಥರಾಗಿ ವಾಷಿಂಗ್ಟನ್ ನಗರದಲ್ಲಿದ್ದ ರಾಮ್ ಇಮ್ಯಾನುಯೆಲ್ ಶಿಕಾಗೊದ ನಿವಾಸಿಯೇ ಎಂಬ ಪ್ರಶ್ನೆಯ ಮೇಲೆ ಮೇಲ್ಮನವಿ ನ್ಯಾಯಾಲಯ ಅವರ ಹೆಸರನ್ನು ಕಿತ್ತುಹಾಕಿತು. ಕೆಲವೇ ದಿನಗಳಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ಮರಳಿ ಸೇರಿಸಿತು.

ವಾಸಕ್ಕಿಂತ ಕಷ್ಟದ ಬೇಡಿಕೆ ಸಹಿಗಳದು. 2023ರ ಚುನಾವಣೆಗೆ 12,500 ಮತದಾರರ ಸಹಿ ಬೇಕಿತ್ತು. ಸಹಿ ಸಂಗ್ರಹದ ಕಾಲ ಚಳಿಗಾಲದ ಬಾಗಿಲಿನವರೆಗೆ ಚಾಚುತ್ತದೆ. ರೈಲು ನಿಲ್ದಾಣದ ಮೆಟ್ಟಿಲ ಬಳಿ ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು ನಿಂತ ಕಾರ್ಯಕರ್ತ, ಕೆಲಸಕ್ಕೆ ಓಡುವವರನ್ನು ತಡೆದು, ಕೈಗವಸು ತೆಗೆಸಿ, ಹೆಸರು, ಸಹಿ ಮತ್ತು ವಿಳಾಸ ಬರೆಸಿಕೊಳ್ಳಬೇಕು. ಹಾಳೆ ತುಂಬಿದ ಮೇಲೆ ಆ ಸಹಿಗಳು ತನ್ನೆದುರೇ ಬಿದ್ದವೆಂದು ನೋಟರಿಯ ಮುಂದೆ ತಾನೂ ಪ್ರಮಾಣ ಮಾಡಬೇಕು. ಸಹಿ ಹಾಕಿದವರು ನೋಂದಾಯಿತ ಮತದಾರರಲ್ಲದಿದ್ದರೆ, ವಿಳಾಸ ತಾಳೆಯಾಗದಿದ್ದರೆ, ಅಕ್ಷರ ಹೋಲದಿದ್ದರೆ ಆ ಸಾಲು ರದ್ದಾಗಬಹುದು. ಆದ್ದರಿಂದ ಅನುಭವಸ್ಥರು ಬೇಕಾದುದಕ್ಕಿಂತ ಎರಡು ಮೂರು ಪಟ್ಟು ಸಹಿ ತಂದಿಡುತ್ತಾರೆ. ಎದುರಾಳಿಗಳ ಕಡೆಯವರು ಪ್ರತಿ ಸಾಲನ್ನೂ ಪರಿಶೀಲಿಸಿ ಚುನಾವಣಾ ಮಂಡಳಿಗೆ ಆಕ್ಷೇಪಣೆ ಸಲ್ಲಿಸುವುದು ಈ ನಗರದ ರಾಜಕೀಯದಲ್ಲಿ ಒಂದು ವೃತ್ತಿಯೇ ಆಗಿಬಿಟ್ಟಿದೆ. ಮತದಾರರ ಎದುರು ಸೋಲುವ ಮುಂಚೆಯೇ ವಕೀಲರ ಎದುರು ಸೋತು ಮನೆಗೆ ಹೋದವರು ಬಹಳ ಮಂದಿ.

ಮತಪತ್ರದಲ್ಲಿ ಹೆಸರುಗಳ ಕ್ರಮ ಹೇಗೆ ನಿರ್ಧಾರವಾಗುತ್ತದೆ?

ವರ್ಣಮಾಲೆಯ ಕ್ರಮದಲ್ಲಲ್ಲ. ನಾಮಪತ್ರ ಸಲ್ಲಿಕೆಯ ಮೊದಲ ದಿನ ಕಚೇರಿಯ ಬಾಗಿಲು ತೆರೆಯುವ ವೇಳೆಗೆ ಸಾಲಿನಲ್ಲಿದ್ದವರ ನಡುವೆ ಮೊದಲ ಸ್ಥಾನಕ್ಕೆ ಚೀಟಿ ಎತ್ತಲಾಗುತ್ತದೆ. ಕೊನೆಯ ಹೆಸರೂ ಕಣ್ಣಿಗೆ ಬೀಳುತ್ತದೆ ಎಂಬ ನಂಬಿಕೆಯಿಂದ ಕೆಲವರು ಬೇಕೆಂದೇ ಕೊನೆಯ ಗಂಟೆಯವರೆಗೆ ಕಾಯುತ್ತಾರೆ, ಅವರ ನಡುವೆಯೂ ಚೀಟಿ ನಡೆಯುತ್ತದೆ.

ಮೊದಲ ಸುತ್ತಿನಲ್ಲಿ ಮುಂದಿದ್ದವರೇ ಕೊನೆಗೂ ಗೆಲ್ಲುತ್ತಾರೆಯೇ?

ಈ ಪದ್ಧತಿಯ ಸ್ವಾರಸ್ಯವೆಲ್ಲ ಇರುವುದು ಈ ಪ್ರಶ್ನೆಯಲ್ಲಿ. ಮೂರು ಚುನಾವಣೆಗಳು ಮೂರು ಬೇರೆ ಉತ್ತರಗಳನ್ನು ಕೊಟ್ಟಿವೆ.

2015ರಲ್ಲಿ ಅಧಿಕಾರದಲ್ಲಿದ್ದ ಇಮ್ಯಾನುಯೆಲ್ ಸುಮಾರು ಶೇ 46ರಷ್ಟು ಮತ ಪಡೆದು ಅರ್ಧಕ್ಕೆ ಸ್ವಲ್ಪದರಲ್ಲೇ ನಿಂತರು. ಹೆಸುಸ್ ‘ಚುಯ್’ ಗಾರ್ಸಿಯಾ ಶೇ 34ರ ಸಮೀಪ ಬಂದರು. 2013ರಲ್ಲಿ ಸುಮಾರು 50 ಸಾರ್ವಜನಿಕ ಶಾಲೆಗಳನ್ನು ಮುಚ್ಚಿದ್ದ ಮೇಯರರ ಮೇಲಿನ ಸಿಟ್ಟು ಅದರಲ್ಲಿ ಕಾಣುತ್ತಿತ್ತು. ಗರ್ವಿಷ್ಠ ಎಂಬ ಹೆಸರು ಹೊತ್ತಿದ್ದ ಇಮ್ಯಾನುಯೆಲ್, ಎರಡನೇ ಸುತ್ತಿನ ಟಿವಿ ಜಾಹೀರಾತಿನಲ್ಲಿ ಸೂಟು ಬಿಟ್ಟು ಸ್ವೆಟರ್ ತೊಟ್ಟು ಕುಳಿತು, ತಮ್ಮ ನಡವಳಿಕೆ ಜನರಿಗೆ ಕಿರಿಕಿರಿ ಮಾಡುವುದುಂಟು ಎಂದು ಒಪ್ಪಿಕೊಂಡರು. ಏಪ್ರಿಲ್ 7ರಂದು ಶೇ 56ರಷ್ಟು ಮತದೊಂದಿಗೆ ಗೆದ್ದರು. ಮುಂದಿದ್ದವರೇ ಗೆದ್ದರು, ಆದರೆ ತಗ್ಗಿ ಗೆದ್ದರು.

2019ರಲ್ಲಿ ಕಣದಲ್ಲಿ 14 ಮಂದಿ. ಮತಗಳು ಎಷ್ಟು ಚೂರಾದವೆಂದರೆ ಮೊದಲ ಸ್ಥಾನ ಪಡೆದ ಲೋರಿ ಲೈಟ್‌ಫುಟ್ ಅವರಿಗೆ ಸಿಕ್ಕಿದ್ದು ಶೇ 17.5, ಎರಡನೆಯವರಾದ ಟೋನಿ ಪ್ರೆಕ್‌ವಿಂಕಲ್ ಅವರಿಗೆ ಶೇ 16. ಮೂರನೆಯವರಾದ ಬಿಲ್ ಡೇಲಿ ಏಳು ಸಾವಿರದಷ್ಟು ಮತಗಳಿಂದ ಹೊರಗುಳಿದರು. ಐದು ವಾರಗಳ ನಂತರ ಲೈಟ್‌ಫುಟ್ ಸುಮಾರು ಶೇ 74ರಷ್ಟು ಮತ ಪಡೆದು, ನಗರದ 50 ವಾರ್ಡ್‌ಗಳಲ್ಲೂ ಮುನ್ನಡೆ ಸಾಧಿಸಿದರು.

2023ರಲ್ಲಿ ಒಂಬತ್ತು ಮಂದಿ. ವಾಲಸ್ ಸುಮಾರು ಶೇ 33ರೊಂದಿಗೆ ಮೊದಲಿಗರಾದರು, ಜಾನ್ಸನ್ ಶೇ 22ರ ಸಮೀಪ ಬಂದು ಎರಡನೆಯವರಾದರು. ಮೇಯರ್ ಲೈಟ್‌ಫುಟ್ ಶೇ 16.8 ಪಡೆದು ಮೂರನೆಯವರಾಗಿ ಅಲ್ಲಿಗೇ ಮುಗಿದರು. ಈ ಸಂಖ್ಯೆಯನ್ನು ಮೇಲಿನ 17.5ರ ಪಕ್ಕದಲ್ಲಿಟ್ಟು ನೋಡಬೇಕು. ಮೊದಲ ಸುತ್ತಿನಲ್ಲಿ ಅವರಿಗೆ ಎರಡು ಸಲವೂ ಹೆಚ್ಚುಕಡಿಮೆ ಅಷ್ಟೇ ಪಾಲು ಸಿಕ್ಕಿತು, ಒಂದು ಸಲ ಅದು ಮೇಯರ್ ಗದ್ದುಗೆಗೆ ಕರೆದೊಯ್ದಿತು, ಇನ್ನೊಂದು ಸಲ ಮನೆಗೆ ಕಳಿಸಿತು. ಎಷ್ಟು ಮತ ಬಂತು ಎಂಬುದಕ್ಕಿಂತ ಎದುರಿಗೆ ಎಷ್ಟು ಮಂದಿ ನಿಂತು ಉಳಿದ ಮತವನ್ನು ಹೇಗೆ ಹಂಚಿಕೊಂಡರು ಎಂಬುದೇ ಮೊದಲ ಸುತ್ತನ್ನು ತೀರ್ಮಾನಿಸುತ್ತದೆ. ಹೀಗಾಗಿ ಫೆಬ್ರುವರಿಯ ನಿಜವಾದ ಹೋರಾಟ ನಡೆಯುವುದು ಮೊದಲ ಸ್ಥಾನಕ್ಕಲ್ಲ, ಎರಡನೆಯ ಸ್ಥಾನಕ್ಕೆ ಎಂಬುದು ನಮ್ಮ ಅಭಿಪ್ರಾಯ.

ಏಪ್ರಿಲ್ 4ರ ಎಣಿಕೆಯಲ್ಲಿ ಲೆಕ್ಕ ತಿರುಗಿತು. ವಾಲಸ್ ಅವರ ಮತ 1.86 ಲಕ್ಷದಿಂದ 2.93 ಲಕ್ಷಕ್ಕೆ ಏರಿತು. ಜಾನ್ಸನ್ ಅವರದು 1.22 ಲಕ್ಷದಿಂದ 3.19 ಲಕ್ಷಕ್ಕೆ. ಸೋತವರ ಬೆಂಬಲಿಗರೂ ಹೊಸದಾಗಿ ಬಂದವರೂ ಸೇರಿ ಹೆಚ್ಚಿನವರು ಎರಡನೆಯವರತ್ತ ಹೊರಳಿದ್ದರಿಂದ, ಮೊದಲ ಸುತ್ತಿನಲ್ಲಿ 60 ಸಾವಿರಕ್ಕೂ ಹೆಚ್ಚು ಮತಗಳಿಂದ ಹಿಂದಿದ್ದ ಜಾನ್ಸನ್ ಸುಮಾರು 26 ಸಾವಿರ ಮತಗಳಿಂದ ಗೆದ್ದರು.

ಎರಡನೇ ಸುತ್ತಿಗೆ ಜನ ಬರುತ್ತಾರೆಯೇ?

ಬೇಸತ್ತು ಕಡಿಮೆ ಜನ ಬರುತ್ತಾರೆ ಎಂದು ಊಹಿಸುವುದು ಸಹಜ, ಆದರೆ ಶಿಕಾಗೊದಲ್ಲಿ ಅದು ಒಂದು ಸಲ ಮಾತ್ರ ನಿಜವಾಯಿತು. 2015ರಲ್ಲಿ ಮತದಾನ ಸುಮಾರು ಶೇ 34ರಿಂದ 41ಕ್ಕೆ ಏರಿತು. 2019ರಲ್ಲಿ ಶೇ 35ರಿಂದ 33ಕ್ಕೆ ಇಳಿಯಿತು. 2023ರಲ್ಲಿ ಶೇ 36ರಿಂದ 39ರ ಸಮೀಪಕ್ಕೆ ಏರಿತು. ಯಾವ ಸಲವೂ ಅರ್ಧ ದಾಟಿಲ್ಲ ಎಂಬುದನ್ನೂ ಗಮನಿಸಬೇಕು. ಅರ್ಧಕ್ಕಿಂತ ಹೆಚ್ಚು ಮತ ಪಡೆದವರೇ ಮೇಯರ್ ಎಂಬ ನಿಯಮದಲ್ಲಿ ‘ಅರ್ಧ’ ಎಂಬುದು ಬಂದು ಮತ ಹಾಕಿದವರ ಅರ್ಧ. 2023ರಲ್ಲಿ ನೋಂದಾಯಿತ ಮತದಾರರು ಸುಮಾರು 15.8 ಲಕ್ಷ, ಗೆದ್ದವರಿಗೆ ಮತ ಹಾಕಿದವರು ಅದರ ಐದನೆಯ ಒಂದು ಭಾಗ.

ಇಷ್ಟು ಚಳಿಯಲ್ಲಿ ಚುನಾವಣೆ ಏಕೆ?

ಕಾನೂನು ಫೆಬ್ರುವರಿಯ ಕೊನೆಯ ಮಂಗಳವಾರವನ್ನು ಗೊತ್ತುಮಾಡಿದೆ, ಅಷ್ಟೆ. ಆದರೆ ಹಿಮಕ್ಕೂ ಈ ಹುದ್ದೆಗೂ ಹಳೆಯ ನಂಟಿದೆ. 1979ರ ಜನವರಿಯ ಭಾರೀ ಹಿಮಪಾತದಲ್ಲಿ ರಸ್ತೆಗಳನ್ನು ಸಕಾಲದಲ್ಲಿ ತೆರವುಗೊಳಿಸಲಾಗದೆ ಹೋದ ಮೇಯರ್ ಮೈಕಲ್ ಬಿಲಾಂಡಿಕ್, ಮುಂದಿನ ತಿಂಗಳೇ ಪಕ್ಷದೊಳಗಿನ ಆಯ್ಕೆಯಲ್ಲಿ ಜೇನ್ ಬರ್ನ್ ಎದುರು ಸೋತರು. ಮಳೆಗಾಲದ ರಾಜಕಾಲುವೆ ನಮ್ಮ ಪಾಲಿಕೆಗಳಿಗೆ ಏನೋ, ಜನವರಿಯ ಹಿಮ ಅಲ್ಲಿನ ಮೇಯರರಿಗೆ ಅದೇ.

ಮತದಾರರು ಎರಡು ಸಲ ಬರುವ ಬದಲು ಒಂದೇ ಸಲ ಪ್ರಾಶಸ್ತ್ಯದ ಮತ ಹಾಕಬಾರದೇಕೆ?

ಹಾಕಬಹುದು, ಸ್ಯಾನ್‌ಫ್ರಾನ್ಸಿಸ್ಕೊ ಮೇಯರರನ್ನು ಆರಿಸುವುದು ಹಾಗೆಯೇ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ ಮತ ಹಾಕಿದವರಿಗೆ ಇದು ಪರಿಚಿತ: 1, 2, 3 ಎಂದು ಅಂಕಿ ಬರೆಯುತ್ತೇವೆ, ಮೊದಲ ಪ್ರಾಶಸ್ತ್ಯದಲ್ಲಿ ಯಾರೂ ಅರ್ಧ ದಾಟದಿದ್ದರೆ ಕೊನೆಯವರನ್ನು ಕೈಬಿಟ್ಟು ಅವರ ಮತಪತ್ರಗಳಲ್ಲಿನ ಮುಂದಿನ ಪ್ರಾಶಸ್ತ್ಯವನ್ನು ಎಣಿಸುತ್ತಾರೆ. 1969ರಲ್ಲಿ ವಿ.ವಿ. ಗಿರಿ ರಾಷ್ಟ್ರಪತಿಯಾದದ್ದು ಎರಡನೇ ಪ್ರಾಶಸ್ತ್ಯದ ಮತಗಳ ಎಣಿಕೆಯ ನಂತರವೇ. ಈ ವಿಧಾನದಲ್ಲಿ ಖರ್ಚು ಕಡಿಮೆ, ಓಡಾಟ ಒಂದೇ ಸಲ. ಎರಡು ಸುತ್ತಿನ ಪದ್ಧತಿಯಲ್ಲಿ ಸಿಗುವುದು ಸಮಯ. 14 ಮಂದಿಯ ಗದ್ದಲದಲ್ಲಿ ಕೇಳಿಸದ ಮಾತು ಇಬ್ಬರೇ ಉಳಿದಾಗ ಕೇಳಿಸುತ್ತದೆ. ಐದಾರು ವಾರ ಇಬ್ಬರನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ಪ್ರಶ್ನಿಸಬಹುದು. 2019ರಂಥ ಚದುರಿದ ಫಲಿತಾಂಶ ಬಂದಾಗ ಆ ಐದು ವಾರಗಳಿಗೆ ನಿಜವಾದ ಬೆಲೆ ಇದೆ ಎಂದು ನಮಗನ್ನಿಸುತ್ತದೆ.

ವಾರ್ಡ್ ಸದಸ್ಯರಿಗೂ ಇದೇ ನಿಯಮವೇ?

ಹೌದು. 50 ವಾರ್ಡ್‌ಗಳ ಸದಸ್ಯರೂ ಚಿಹ್ನೆಯಿಲ್ಲದೆ ಅದೇ ದಿನ ಸ್ಪರ್ಧಿಸುತ್ತಾರೆ, ಅರ್ಧ ದಾಟದ ಕಡೆ ಏಪ್ರಿಲ್‌ನಲ್ಲಿ ಎರಡನೇ ಸುತ್ತು ನಡೆಯುತ್ತದೆ. 2023ರಲ್ಲಿ 14 ವಾರ್ಡ್‌ಗಳಲ್ಲಿ ಹಾಗಾಯಿತು.

ಬೆಂಗಳೂರಿನ ಮೇಯರ್ ಸ್ಥಾನಕ್ಕೂ ಇದಕ್ಕೂ ಏನು ವ್ಯತ್ಯಾಸ?

ಹೆಸರೊಂದು ಬಿಟ್ಟರೆ ಹೋಲಿಕೆ ಕಡಿಮೆ. ನಮ್ಮಲ್ಲಿ ಮೇಯರರನ್ನು ಆರಿಸುವವರು ಕಾರ್ಪೊರೇಟರ್‌ಗಳು, ಜೊತೆಗೆ ನಗರದ ಶಾಸಕರು ಮತ್ತು ಸಂಸದರು. ಪಕ್ಷದ ವಿಪ್, ಮೀಸಲಾತಿಯ ಸರದಿ, ಬಹುಮತ ಅಂಚಿನಲ್ಲಿದ್ದಾಗ ರೆಸಾರ್ಟ್ ವಾಸ್ತವ್ಯ ಎಲ್ಲ ಅದರೊಂದಿಗೆ ಬರುತ್ತವೆ. ಬಿಬಿಎಂಪಿ ಕಾಲದಲ್ಲಿ ಅವಧಿ ಒಂದೇ ವರ್ಷ, ಆಡಳಿತದ ಹಿಡಿತ ಆಯುಕ್ತರ ಕೈಯಲ್ಲಿ. 2020ರ ಸೆಪ್ಟೆಂಬರಿನಲ್ಲಿ ಆ ಕೌನ್ಸಿಲ್‌ನ ಅವಧಿ ಮುಗಿದ ಮೇಲೆ ನಗರಕ್ಕೆ ವರ್ಷಗಟ್ಟಲೆ ಮೇಯರೇ ಇರಲಿಲ್ಲ, ನಗರ ನಡೆದುಕೊಂಡೇ ಹೋಯಿತು ಎಂಬುದು ಆ ಹುದ್ದೆಯ ತೂಕವನ್ನು ಹೇಳುತ್ತದೆ. ಶಿಕಾಗೊದ ಮೇಯರ್ ಇಲಾಖಾ ಮುಖ್ಯಸ್ಥರನ್ನೂ ಪೊಲೀಸ್ ಮುಖ್ಯಸ್ಥರನ್ನೂ ಆರಿಸಿ, 1,600 ಕೋಟಿ ಡಾಲರಿಗೂ ಮಿಕ್ಕ ಬಜೆಟ್ ಮಂಡಿಸುವವರು. ಅವಧಿಗಳ ಮಿತಿಯೂ ಇಲ್ಲ, ರಿಚರ್ಡ್ ಎಂ. ಡೇಲಿ 1989ರಿಂದ 2011ರವರೆಗೆ 22 ವರ್ಷ ಆ ಕುರ್ಚಿಯಲ್ಲಿದ್ದರು.

ಮತಗಟ್ಟೆಯಲ್ಲಿ ಏನು ನಡೆಯುತ್ತದೆ?

ಬೆರಳಿಗೆ ಶಾಯಿ ಇಲ್ಲ. ನೋಂದಣಿ ಸರಿಯಿದ್ದು ಸಹಿ ತಾಳೆಯಾದರೆ ಸಾಮಾನ್ಯವಾಗಿ ಗುರುತಿನ ಚೀಟಿಯನ್ನೂ ಕೇಳುವುದಿಲ್ಲ. ಕಾಗದದ ಮತಪತ್ರದಲ್ಲಿ ಹೆಸರಿನ ಪಕ್ಕದ ಮೊಟ್ಟೆಯಾಕಾರದ ಖಾಲಿ ಜಾಗವನ್ನು ಸ್ಕೆಚ್ ಪೆನ್ನಿನಂಥ ಪೆನ್ನಿನಿಂದ ತುಂಬಿ, ಹಾಳೆಯನ್ನು ನಾವೇ ಸ್ಕ್ಯಾನರ್ ಬಾಯಿಗೆ ಕೊಡಬೇಕು. ಹೆಸರು ನೋಂದಾಯಿಸಿರದಿದ್ದರೆ ಮತದಾನದ ದಿನವೇ, ಎರಡು ದಾಖಲೆ ತೋರಿಸಿ, ನೋಂದಾಯಿಸಿಕೊಂಡು ಮತ ಹಾಕಬಹುದು. ಮುಂಚಿತ ಮತದಾನಕ್ಕೂ ಅಂಚೆ ಮತಕ್ಕೂ ಅವಕಾಶವಿದೆ. ಅಂಚೆಯಲ್ಲಿ ಬರುವ ಮತಗಳನ್ನು ಮತದಾನದ ನಂತರವೂ ಎಣಿಸುವುದರಿಂದ, ಎರಡನೆಯ ಮತ್ತು ಮೂರನೆಯ ಸ್ಥಾನದ ಅಂತರ ಕಡಿಮೆಯಿದ್ದರೆ ಎರಡನೇ ಸುತ್ತಿಗೆ ಯಾರು ಹೋದರೆಂಬುದು ಅದೇ ರಾತ್ರಿ ತಿಳಿಯದಿರಬಹುದು.

ನಾನು ಎರಡನೇ ಸುತ್ತಿನಲ್ಲಿ ಮಾತ್ರ ಮತ ಹಾಕಬಹುದೇ?

ಹಾಕಬಹುದು. ಫೆಬ್ರುವರಿಯಲ್ಲಿ ಬಾರದವರಿಗೆ ಏಪ್ರಿಲ್‌ನಲ್ಲಿ ತಡೆಯಿಲ್ಲ.

ನಾವು ನೇಪರ್‌ವಿಲ್‌ನಲ್ಲಿದ್ದೇವೆ, ನಮಗೆ ಮತ ಇದೆಯೇ?

ಇಲ್ಲ. ಊರಿನವರಿಗೆ ಹೇಳುವಾಗ ಎಲ್ಲರೂ ಶಿಕಾಗೊದಲ್ಲಿದ್ದೇವೆ ಎನ್ನುತ್ತೇವೆ, ಆದರೆ ನೇಪರ್‌ವಿಲ್, ಅರೋರಾ, ಶಾಂಬರ್ಗ್ ಮೊದಲಾದವು ತಮ್ಮದೇ ಆಡಳಿತವಿರುವ ಬೇರೆ ಊರುಗಳು. ಶಿಕಾಗೊ ನಗರದ ಎಲ್ಲೆಯೊಳಗೆ ಕನಿಷ್ಠ 30 ದಿನ ವಾಸವಾಗಿರುವ, 18 ತುಂಬಿದ ಅಮೆರಿಕದ ಪೌರರಿಗೆ ಮಾತ್ರ ಅಲ್ಲಿನ ಮೇಯರ್ ಚುನಾವಣೆಯಲ್ಲಿ ಮತ. ಎಚ್-1ಬಿ ವೀಸಾದವರಾಗಲಿ ಗ್ರೀನ್ ಕಾರ್ಡ್ ಪಡೆದವರಾಗಲಿ ಮತ ಹಾಕುವಂತಿಲ್ಲ, ನೋಂದಾಯಿಸಿಕೊಳ್ಳುವಂತೆಯೂ ಇಲ್ಲ. ವಾಹನ ಚಾಲನಾ ಪರವಾನಗಿ ಮಾಡಿಸುವ ಕಚೇರಿಯಲ್ಲಿ ಮತದಾರರ ನೋಂದಣಿಯ ಪ್ರಶ್ನೆ ಕಂಡಾಗ ಅಭ್ಯಾಸಬಲದಿಂದ ‘ಹೌದು’ ಎಂದು ಗುರುತು ಹಾಕಿದರೆ ಮುಂದೆ ಪೌರತ್ವದ ಅರ್ಜಿಗೆ ತೊಡಕಾಗಬಹುದು. ಪೌರರಾದವರು ಮತಗಟ್ಟೆಯಲ್ಲಿ ಇಂಗ್ಲಿಷ್ ಬದಲು ಹಿಂದಿ ಮತಪತ್ರವನ್ನು ಕೇಳಿ ಪಡೆಯಬಹುದು; ಕನ್ನಡದಲ್ಲಿ ಇಲ್ಲ.